ತವರಿನ ಸೀರೆ ಬರುವ ತನಕ

ಮೊನ್ನೆ ಎಳ್ಳ ಅಮಾವಾಸ್ಯೆಗೆ ಪಕ್ಕದ ಮನೆಯ ಕಲಬುರ್ಗಿಯವರು ಒಂದು ಡಬ್ಬಿ ಭಜ್ಜಿ ಕೊಟ್ಟು ಹೋದರು. ಭಜ್ಜಿ ಅಂದರೆ ಮೈಸೂರಿನವಳಾದ ನನಗೆ ಎಣ್ಣೆಯಲ್ಲಿ ಕರಿದ ತಿಂಡಿ. ಆ ಕಡೆಯವರಿಗೆ ಅದು ಬೇರೆಯೇ. ಹಸಿ ತೊಗರಿಕಾಳು, ಹಸಿ ಕಡಲೆ, ಮೆಂತ್ಯೆ ಸೊಪ್ಪು, ಬದನೆಕಾಯಿ, ಗಜ್ಜರಿ, ಹೀಗೆ ಚಳಿಗಾಲದ ಹೊಲದಲ್ಲಿ ಸಿಕ್ಕಿದ್ದೆಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಹುಣಸೆಹುಳಿ ಬಿಟ್ಟು, ಕಡಲೆಹಿಟ್ಟು ಕದಡಿ ಕುದಿಸುವ ಒಂದು ಬಗೆಯ ಪಲ್ಯ. ಡಬ್ಬಿಯ ಮುಚ್ಚಳ ತೆಗೆದೆ. ಹಸಿ ಸೊಪ್ಪು, ಬೆಳ್ಳುಳ್ಳಿ ಒಗ್ಗರಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಡುಗೆಮನೆಯ ಕಟ್ಟೆ ಹಿಡಿದು ನಿಂತುಬಿಟ್ಟೆ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿ, ಮಾಳಿಗೆಯ ಮೇಲೆ ಮೂರು ಕಲ್ಲಿನ ಒಲೆ, ಒಲೆಯ ಮುಂದೆ ಸೆರಗು ಸಿಕ್ಕಿಸಿಕೊಂಡು ಕೂತ ಅಕ್ಕ...

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಚಪ್ಪಾಳೆ ತಟ್ಟಿ ಬೇಡುತ್ತಿದ್ದ ಹಿಜಡಾ. ಮಂಗಳಮುಖಿ, ಟ್ರಾನ್ಸ್‌ಜೆಂಡರ್ ಎಂಬ ಮರ್ಯಾದೆಯ ಮಾತುಗಳು ಆಗಿನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ. ಬಂದ ಮೇಲೆ ಮರ್ಯಾದೆ ಎಷ್ಟು ಹೆಚ್ಚಿತು ಅನ್ನುವುದು ಬೇರೆ ಮಾತು.

ಹೈದರಾಬಾದಿನಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಂಥದೊಂದು ಕಂಪನಿಯ ಆಡಳಿತ ವಿಭಾಗದಲ್ಲಿ ನನಗೆ ಕೆಲಸ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಬೇರೆ, ಅವರಿಗೆ ಕುರ್ಚಿ, ಕಾಫಿ, ಬಸ್ಸು ಒದಗಿಸಿ ಬೈಸಿಕೊಳ್ಳುವವಳು ನಾನು. ಲಿಂಗಂಪಲ್ಲಿಯಲ್ಲಿ ಬಾಡಿಗೆ ಕೋಣೆ, ದಿನಾ ರೈಲಿನಲ್ಲಿ ಹೈಟೆಕ್ ಸಿಟಿಗೆ ಓಡಾಟ. ಒಂದು ಬೆಳಿಗ್ಗೆ ರೈಲಿನಲ್ಲೇ ಅಮ್ಮನ ಜೊತೆ ಫೋನಿನಲ್ಲಿ ಜಗಳ ಹತ್ತಿತು. ಮದುವೆ ವಿಷಯ, ಹೊಸದೇನಿಲ್ಲ. ಸಾಕಮ್ಮ ನಿನ್ನ ಪುರಾಣ ಎಂದು ಫೋನು ಕುಕ್ಕಿದೆ. ತಲೆಯ ಮೇಲೆ ಒಂದು ದಪ್ಪ ಕೈ ಬಂದು ಕೂತಿತು.

"ಅವ್ವನ ಕೂಡ ಹಂಗ ಮಾತಾಡಬಾರ್ದು ತಂಗಿ. ಆಮ್ಯಾಲ ನಿನಗ ಸಂಕಟ ಆಗ್ತೈತಿ."

ಎತ್ತರದ ಆಳು, ಅಗಲ ಭುಜ, ಹಣೆಯ ಮೇಲೆ ಕಾಸಿನಗಲ ಕುಂಕುಮ. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಇಲ್ಲಿ, ಈ ತೆಲುಗು ಹಿಂದಿಯ ಗದ್ದಲದಲ್ಲಿ, ಕನ್ನಡದಲ್ಲಿ ಬುದ್ಧಿ ಹೇಳುವವರು ಸಿಕ್ಕರಲ್ಲ ಎಂದು ಬೆಪ್ಪಾದೆ. ಪರ್ಸಿಗೆ ಕೈ ಹಾಕಿದರೆ ತಡೆದಳು. "ಕನ್ನಡದವ್ರ ಕಡಿಂದ ಮೊದಲನೇ ದಿನಾ ತೊಗೊಳ್ಳಂಗಿಲ್ಲ ನಾ. ನಾಳಿಂದ ಬಿಡಂಗಿಲ್ಲ ನೋಡು."

ಹೇಳಿದಂತೆ ಮರುದಿನದಿಂದ ಬಿಡಲಿಲ್ಲ. ಹಾಗೆ ಅವಳು ಅಕ್ಕನಾದಳು, ನಾನು ತಂಗಿಯಾದೆ. ಅವಳ ಊರು ಸೇಡಂ ಹತ್ತಿರದ ಒಂದು ಹಳ್ಳಿ. ನಮ್ಮ ಈ ರೈಲು ಹಳಿ ಹಿಡಿದು ಹೋದರೆ ತಾಂಡೂರು ದಾಟಿ ಅದೇ ಊರು. ಮೀಸೆ ಚಿಗುರುವ ವಯಸ್ಸಿಗೆ ಅಲ್ಲಿಂದ ಹೊಡೆಸಿಕೊಂಡು ಹೊರಬಿದ್ದವಳು. ಈ ಊರಿನಲ್ಲಿ ಒಬ್ಬ ಗುರು ಸಿಕ್ಕಿದಳು, ಗುರು ಸತ್ತ ಮೇಲೆ ಇವಳೇ ಗುರುವಾದಳು. ಜೊತೆಗೆ ಒಬ್ಬ ಶಿಷ್ಯೆ ಇದ್ದಳು, ಅವರ ಮಾತಿನಲ್ಲಿ ಚೇಲಾ. ತಾಂಡೂರು ಕಡೆಯವಳು, ಅಕ್ಕನಿಗಿಂತ ತುಸು ಚಿಕ್ಕವಳು, ಮಾತು ಕಡಿಮೆ. ಅಕ್ಕ ಚಪ್ಪಾಳೆ ತಟ್ಟಿದರೆ ಇವಳು ಹಿಂದಿನಿಂದ ದುಡ್ಡು ಎತ್ತಿಕೊಳ್ಳುತ್ತಿದ್ದಳು.

ಅಕ್ಕನ ಬಳೆಗಳದ್ದೇ ಒಂದು ಕಥೆ. ಅವಳ ಮಣಿಕಟ್ಟಿಗೆ ಅಂಗಡಿಯ ಬಳೆ ಏರುತ್ತಿರಲಿಲ್ಲ. ಚಾರ್ಮಿನಾರಿನ ಹತ್ತಿರ ಒಬ್ಬ ಬಳೆಗಾರನಿಗೆ ಅಳತೆ ಕೊಟ್ಟು ಮಾಡಿಸುತ್ತಿದ್ದಳು. ದೊಡ್ಡ ಬಳೆ, ಸದ್ದೂ ದಪ್ಪ. ಡಬ್ಬಿಯ ಆ ತುದಿಯಲ್ಲಿ ಅವಳು ಹತ್ತಿದರೆ ಈ ತುದಿಯಲ್ಲಿ ನನಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿದ್ದದ್ದು ನನಗೊಬ್ಬಳಿಗೇ ಅಲ್ಲ.

ಊರಿನಲ್ಲಿ ಅವಳ ತಾಯಿ ಇದ್ದಳು. ಕಣ್ಣು ಪೂರಾ ಹೋಗಿತ್ತು. ಸೊಸೆ ಹೊಲಕ್ಕೆ ಹೋದ ಹೊತ್ತು ನೋಡಿ ಅಕ್ಕ ಆಗಾಗ ಊರಿಗೆ ಹೋಗಿ ಬರುತ್ತಿದ್ದಳು. ಮೊದಲ ಸಲ ಹೆದರಿಕೊಂಡೇ ಹಿತ್ತಲ ಬಾಗಿಲಲ್ಲಿ ನಿಂತಳಂತೆ. ಮಾತಾಡಿದರೆ ದನಿ ಗುರುತು ಸಿಗುತ್ತದೆ ಎಂದು ಸುಮ್ಮನೆ ಹೋಗಿ ಕಾಲು ಮುಟ್ಟಿದಳಂತೆ. ಮುದುಕಿ ಅವಳ ಕೈ ಹಿಡಿದು, ಬಳೆಗಳ ಮೇಲೆ ಬೆರಳಾಡಿಸಿ, "ಬಂದ್ಯಾ ಮಗಳ" ಅಂದಳಂತೆ.

"ಕಣ್ಣಿದ್ದಾಗ ಆಕಿಗೆ ಮಗಾನ ಕಾಣತಿದ್ದ. ಕಣ್ಣ ಹೋದ ಮ್ಯಾಲ ನಾ ಕಂಡೆ ನೋಡು," ಎಂದು ಅಕ್ಕ ನಗುತ್ತಿದ್ದಳು. ಆಮೇಲೆ ಬಳೆ ಸಪ್ಪಳ ಕೇಳಿದರೆ ಸಾಕು, ಮುದುಕಿ ಒಳಗಿನಿಂದಲೇ ಮಗಳೇ ಎಂದು ಕರೆಯುತ್ತಿದ್ದಳು. ಇದು ತಾಯಿ ಮಗಳ ಗುಟ್ಟು. ಮಗನಿಗೂ ಸೊಸೆಗೂ ಗೊತ್ತಿರಲಿಲ್ಲ.

ಮಗ, ಅಂದರೆ ಅಕ್ಕನ ಅಣ್ಣ, ಇದೇ ಹೈದರಾಬಾದಿನಲ್ಲಿ ಇದ್ದ. ಸೆಂಟ್ರಿಂಗ್ ಕೆಲಸ. ನಮ್ಮ ಕಂಪನಿಯ ಹಿಂದೆ ಏಳುತ್ತಿದ್ದ ಕಟ್ಟಡಕ್ಕೆ ಹಲಗೆ ಹೊಡೆಯುತ್ತಿದ್ದವರಲ್ಲಿ ಅವನೂ ಒಬ್ಬ. ಊರಿನವರ ಜೊತೆ ಹಳಿಯ ಆಚೆ ತಗಡಿನ ಶೆಡ್ಡಿನಲ್ಲಿ ವಾಸ. ಭಾನುವಾರ ಸ್ಟೇಷನ್ನಿನಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಅವನು ರೈಲು ಬರುವ ದಿಕ್ಕಿಗೆ ಮುಖ ತಿರುಗಿಸಿ ನಿಲ್ಲುತ್ತಿದ್ದ. ಎಲ್ಲರ ಗಲ್ಲ ಹಿಡಿದು, ಎಲ್ಲರ ಮುಂದೆ ಚಪ್ಪಾಳೆ ಹೊಡೆದು ಬೇಡುವ ಅಕ್ಕ ಅವನೊಬ್ಬನ ಮುಂದೆ ಸೆರಗು ಹೊದ್ದು ಸುಮ್ಮನೆ ದಾಟಿ ಹೋಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಅವಳಿಗೆ ಇಲ್ಲ.

"ಬೈಬ್ಯಾಡ ತಂಗಿ. ಅಣ್ಣ ಆಂವ. ಕಡೀಕ ಸೀರಿ ತರಾಂವ ಆಂವನ."

ಯಾವ ಸೀರೆ ಎಂದು ಕೇಳಿದೆ. ಅವರ ಕಡೆ ಹೆಣ್ಣು ಸತ್ತರೆ ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಗಂಡನ ಮನೆಯವರು ಎಷ್ಟೇ ದೊಡ್ಡವರಿರಲಿ, ತವರಿನ ಸೀರೆ ಬರುವ ತನಕ ಹೆಣ ಎತ್ತುವಂತಿಲ್ಲ. ಅಣ್ಣನೋ ತಮ್ಮನೋ ಬಂದು ಆ ಸೀರೆ ಹೊದಿಸಿದರೆ ಇವಳು ನಮ್ಮ ಮನೆಯ ಹೆಣ್ಣುಮಗಳು ಎಂದು ಊರಿಗೆಲ್ಲ ಹೇಳಿದ ಹಾಗೆ. ಬದುಕಿದ್ದಾಗ ಹೆಣ್ಣುಮಕ್ಕಳನ್ನು ತವರಿಗೆ ಕರೆಸುವ ನಾಗರ ಪಂಚಮಿಗೆ ಕರೆಯಲಿಲ್ಲ, ಉಡಿ ತುಂಬಲಿಲ್ಲ. ಹೋಗಲಿ. ಸತ್ತಾಗ ಅದೊಂದು ಸೀರೆ ಬರಬೇಕು. ಅಕ್ಕನಿಗೆ ಈ ಲೋಕದಿಂದ ಬೇಕಾಗಿದ್ದದ್ದು ಅಷ್ಟೇ.

ನನಗೆ ಮೊದಲಿನಿಂದಲೂ ಡಿಸೆಂಬರ್ ಕಂಡರೆ ಆಗುವುದಿಲ್ಲ. ವರ್ಷವಿಡೀ ಸುಮ್ಮನಿದ್ದ ಕರುಣೆ ಆ ತಿಂಗಳು ಕಂಪನಿಗಳಿಗೆ ಉಕ್ಕಿ ಬರುತ್ತದೆ. ನಮ್ಮಲ್ಲಂತೂ ವರ್ಷದ ಕೊನೆಯ ವಾರವನ್ನು ದಾನಕ್ಕೆಂದೇ ಇಟ್ಟಿದ್ದರು. ನೌಕರರು ಕೊಟ್ಟಷ್ಟನ್ನು ಅಮೆರಿಕದ ದೊಡ್ಡ ಕಂಪನಿಯೂ ಸೇರಿಸಿ ಕೊಡುತ್ತಿತ್ತು. ಅನಾಥಾಲಯ, ವೃದ್ಧಾಶ್ರಮ, ಗಿಡ ನೆಡುವುದು ಎಲ್ಲ ಮುಗಿದಿತ್ತು. ಈ ಸಲ ಯಾರಿಗೆ ಎಂದು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಸಭೆಯಲ್ಲಿ ಕೇಳಿದಾಗ ನಾನು ರೈಲಿನಲ್ಲಿ ಬೇಡುವ ಹಿಜಡಾಗಳಿಗೆ ಎಂದೆ. ಅವರಾ, ಅವರು ನಮಗಿಂತ ಜಾಸ್ತಿ ದುಡಿಯುತ್ತಾರೆ ಎಂದು ಒಬ್ಬ ನಗಾಡಿದ. ಮೇಡಂ ಮಾತ್ರ ಒಪ್ಪಿದರು. ಬೇರೆ ಯಾವ ಕಂಪನಿಯೂ ಮಾಡಿಲ್ಲ, ಹೊಸತಾಗಿರುತ್ತದೆ ಅಂದರು. ಕಾರಣ ಏನಾದರೂ ಇರಲಿ ಎಂದು ನಾನೂ ಸುಮ್ಮನಾದೆ.

ಕಂಬಳಿ ಕೊಡುವುದೆಂದಾಯಿತು. ಗಾಜಿನ ಹಜಾರಕ್ಕೆ ಅವರನ್ನು ಬಿಡಲು ಸೆಕ್ಯೂರಿಟಿಯವರು ಒಪ್ಪಲಿಲ್ಲ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಬ್ಯಾನರು ಕಟ್ಟಿದೆವು. ಅಕ್ಕ ತನ್ನವರನ್ನು ಕರೆದುಕೊಂಡು ಬಂದಳು. ಎಲ್ಲರೂ ಮಡಿಕೆ ಮುರಿಯದ ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು. ಮೇಡಂ ಕಂಬಳಿ ಹಿಡಿದು ಕ್ಯಾಮೆರಾ ಕಡೆ ನೋಡುತ್ತಾ ಕೈ ಚಾಚಿದರು. ಅಕ್ಕ ಕೈ ನೀಡಲಿಲ್ಲ. ಸೆರಗು ಹಿಡಿದು ಮುಂದೆ ಒಡ್ಡಿದಳು.

"ಉಡಿಯಾಗ ಹಾಕ್ರಿ."

ಮೇಡಂಗೆ ಅರ್ಥವಾಗಲಿಲ್ಲ. ನನಗಾಯಿತು. ನಮ್ಮ ಕಡೆ ಮಡಿಲು ತುಂಬುವುದು ಅನ್ನುತ್ತೇವೆ. ಮನೆಯ ಹೆಣ್ಣುಮಗಳಿಗೆ ಅಕ್ಕಿ, ಕೊಬ್ಬರಿ, ಅರಿಸಿನ ಕುಂಕುಮ ಕೊಟ್ಟು ಕಳಿಸುವ ಶಾಸ್ತ್ರ. ಬೇಡಿದವರಿಗೆ ಕೊಡುವುದು ಬೇರೆ, ಉಡಿ ತುಂಬುವುದು ಬೇರೆ. ಕ್ಯಾಂಟೀನಿಗೆ ಓಡಿ ಅಕ್ಕಿ, ಕೊಬ್ಬರಿ ತಂದೆ. ಕಂಪನಿ ಬಸ್ಸಿನ ಡ್ರೈವರು ದೇವರ ಪಟದ ಮುಂದಿದ್ದ ಕುಂಕುಮದ ಭರಣಿ ಕೊಟ್ಟ. ಮೊದಲು ನಾನು ತುಂಬಿದೆ. ಆಮೇಲೆ ಮೇಡಂ, ಅವರ ಹಿಂದೆ ಮನಸ್ಸಿದ್ದ ಕೆಲವು ಹೆಂಗಸರು ಬಂದರು. ಗಂಡಸರು ಮೇಲಿನ ಕಟಾಂಜನಕ್ಕೆ ಒರಗಿ ನೋಡುತ್ತಾ ನಿಂತಿದ್ದರು. ತುಂಬಿದ ಸೆರಗನ್ನು ಅಕ್ಕ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಸ್ಟೇಷನ್ ತನಕ ನನ್ನ ಪಕ್ಕ ನಡೆದು ಬಂದು, "ಇಷ್ಟ ವರ್ಷ ಕೈ ಒಡ್ಡೀನಿ ತಂಗಿ, ಉಡಿ ಒಡ್ಡಿದ್ದು ಇದ ಮೊದಲು," ಅಂದಳು. ಆಮೇಲೆ ಕಂಬಳಿಯ ಕಡೆ ನೋಡಿ, "ಇದು ಛಲೋ ಐತಿ. ಆದ್ರ ನಮಗ ಬೇಕಾಗಿದ್ದು ಕಂಬಳಿ ಅಲ್ಲ," ಎಂದು ಮೆಲ್ಲಗೆ ಸೇರಿಸಿದಳು.

ಬೇಕಾಗಿದ್ದದ್ದು ಮನೆ. ಅವರಿಗೆ ಯಾರೂ ಬಾಡಿಗೆಗೆ ಕೊಡುತ್ತಿರಲಿಲ್ಲ. ಕೊಟ್ಟವರೂ ಒಬ್ಬಳು ಕೆಮ್ಮಿದರೆ ಸಾಕು, ಸಾಮಾನು ಹೊರಗಿಡುತ್ತಿದ್ದರು. ಕಾಯಿಲೆ ಬಿದ್ದವಳನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಬೇಕು, ಅಲ್ಲಿ ಹಳೆಯ ಹೆಸರು ಕೇಳಿ ಗಂಡಸರ ವಾರ್ಡಿಗೆ ಹಾಕುತ್ತಾರೆ.

"ದವಾಖಾನ್ಯಾಗ ಸತ್ರ ಗಂಡಸಾಗಿ ಸಾಯ್ತೀವಿ. ಮನ್ಯಾಗ ಸತ್ರ ಹೆಂಗಸಾಗಿ ಸಾಯ್ತೀವಿ. ಅದಕ್ಕ ಒಂದು ಮನಿ ಕೊಡಸ್ರಿ," ಅಂದಳು ಅಕ್ಕ.

ಈ ಮಾತನ್ನು ನಾನು ಮೇಡಂಗೆ ಹಾಗೆಯೇ ಹಿಂದಿಯಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಫೋಟೋದ ಹುಚ್ಚಿನ ಹೆಂಗಸು ಎಂದುಕೊಂಡಿದ್ದೆ, ನಿಜ ಹೇಳಬೇಕೆಂದರೆ ಮುಂದಿನ ಡಿಸೆಂಬರಿನಲ್ಲಿ ಅಮೆರಿಕದವರ ಜೊತೆ ಗುದ್ದಾಡಿ ಆ ವರ್ಷದ ದಾನವನ್ನೆಲ್ಲ ಒಂದು ಮನೆಯ ಬಾಡಿಗೆಗೆ ಎತ್ತಿಟ್ಟವರು ಅವರೇ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಒಬ್ಬ ವಿಧವೆ ಮುದುಕಿ, ಒಂದಕ್ಕೆರಡು ಬಾಡಿಗೆ ಹೇಳಿ, ಎರಡು ಕೋಣೆಯ ಮನೆ ಕೊಟ್ಟಳು. ಮೇಲೆ ಮಾಳಿಗೆ, ಮಾಳಿಗೆಯಿಂದ ನೋಡಿದರೆ ಹಳಿ.

ಎಳ್ಳ ಅಮಾವಾಸ್ಯೆ ಬಂದದ್ದು ಅದರ ಹಿಂದೆಯೇ. ಅಕ್ಕ ಮಾಳಿಗೆಯ ಮೇಲೆ ಒಲೆ ಹೂಡಿ ಭಜ್ಜಿ ಮಾಡಿದಳು, ಸಜ್ಜೆ ರೊಟ್ಟಿ ತಟ್ಟಿದಳು. ಅವಳ ಊರಿನಲ್ಲಿ ಆ ದಿನ ಎಲ್ಲರೂ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಮೊದಲು ಪೈರಿನ ಮೇಲೆ ಚೆಲ್ಲಿ ಆಮೇಲೆ ತಾವು ಉಣ್ಣುತ್ತಾರೆ. ಚರಗ ಚೆಲ್ಲುವುದು ಎಂದು ಅದಕ್ಕೆ ಹೆಸರು. ಹೊಲ ಎಲ್ಲಿಂದ ತರುವುದು? ಒಂದು ಬಟ್ಟಲು ಭಜ್ಜಿ ಹಿಡಿದು ಹಳಿಯ ಬದಿಗೆ ಕರೆದುಕೊಂಡು ಹೋದಳು.

"ವರ್ಷಾನಗಟ್ಲೆ ನಮಗ ಉಣಿಸಿದ್ದು ಇದ ರೈಲಿನ ಹಾದಿ. ಇದ ನಮ್ಮ ಹೊಲಾ," ಎಂದು ಜಲ್ಲಿ ಕಲ್ಲಿನ ಮೇಲೆ ಭಜ್ಜಿ ಚೆಲ್ಲಿದಳು. ಯಾವುದಾದರೂ ಹಕ್ಕಿ ತಿನ್ನುತ್ತದೋ ಎಂದು ನಾನು ಹೊರಳಿ ನೋಡಿದೆ. ಭುಜ ಹಿಡಿದು ತಿರುಗಿಸಿದಳು. "ಕೊಟ್ಟ ಮ್ಯಾಲ ಹೊಳ್ಳಿ ನೋಡಬಾರ್ದು ಅಂತಿದ್ಲು ನಮ್ಮವ್ವ. ಯಾರ ತಿಂದ್ರ ಏನು."

ಆ ವರ್ಷ ಆ ಮನೆಯಲ್ಲಿ ಒಬ್ಬಳು ಸತ್ತಳು. ಬಹಳ ದಿನದಿಂದ ಮಲಗಿದ್ದವಳು. ಚೇಲಾ ಅವಳಿಗೆ ಸ್ನಾನ ಮಾಡಿಸಿ, ಕೆಂಪು ಸೀರೆ ಉಡಿಸಿ, ಕೈತುಂಬ ಬಳೆ ಇಟ್ಟಳು. ಸಾವಿನ ಮನೆಯಲ್ಲಿ ಹೇಳಬಾರದ ಮಾತು, ಆದರೂ ಹೇಳುತ್ತೇನೆ, ಅಕ್ಕನ ಮುಖದಲ್ಲಿ ಒಂದು ನೆಮ್ಮದಿಯಿತ್ತು. "ಹೆಂಗ ಹೋದ್ಲು ನೋಡು, ಮದಲಗಿತ್ತಿ ಹಂಗ," ಅಂದಳು.

ಮೂರನೆಯ ಡಿಸೆಂಬರಿಗೆ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದವು. ಅಲ್ಲಿ ಮಳೆ ಬಂದರೆ ಇಲ್ಲಿ ಕೊಡೆ ಹಿಡಿಯುವವರಲ್ಲವೇ ನಾವು. ದಾನದ ವಾರ ರದ್ದಾಯಿತು. ಈ ವರ್ಷ ಶುಭ ಹಾರೈಕೆಗಳನ್ನು ಹಂಚಿಕೊಳ್ಳೋಣ ಎಂದು ಎಲ್ಲರಿಗೂ ಒಂದು ಇ-ಮೇಲ್ ಬಂತು. ಮೇಡಂ ಹತ್ತಿರ ಓಡಿದೆ. ಅವರು ತಮ್ಮ ಡ್ರಾಯರು ಖಾಲಿ ಮಾಡುತ್ತಿದ್ದರು. ಅವರ ಕೆಲಸವೂ ಹೋಗಿತ್ತು. ದಿನಾ ಯಾರಾದರೂ ಒಬ್ಬರು ರಟ್ಟಿನ ಪೆಟ್ಟಿಗೆ ಹೊತ್ತು ಲಿಫ್ಟಿನಲ್ಲಿ ಇಳಿಯುತ್ತಿದ್ದರು. ನಾನು ಉಳಿದವರ ಮೇಜು ಮೇಜಿಗೆ ಹೋಗಿ ಕೈಯೊಡ್ಡಿದೆ. ತಮ್ಮದೇ ಸಂಬಳ ನಾಳೆ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿದ್ದವರು ಏನು ಕೊಟ್ಟಾರು? ಅಕ್ಕ ರೈಲಿನಲ್ಲಿ ದಿನಾ ನೋಡುತ್ತಿದ್ದ ಮುಖಗಳನ್ನು ಆ ವಾರ ನಾನೂ ನೋಡಿದೆ.

ಬಾಡಿಗೆ ನಿಂತಿತು. ಮನೆ ಕೊಟ್ಟಿದ್ದ ವಿಧವೆಯ ಮಗ ಸಂಕ್ರಾಂತಿ ತನಕ ತಡೆದು ಮನೆ ಬಿಡಿಸಿದ. ಸಿಕ್ಕಿದ್ದು ಜೀಡಿಮೆಟ್ಲಾದಲ್ಲಿ ಔಷಧಿ ಕಾರ್ಖಾನೆಗಳ ಮಗ್ಗುಲಿಗೆ ಒಂದು ತಗಡಿನ ಕೋಣೆ. ಗಾಳಿಗೆ ಔಷಧಿಯ ಘಾಟು, ಕುಡಿಯುವ ನೀರಿಗೂ ಅದೇ ಘಾಟು. ಅಕ್ಕನಿಗೆ ಮೊದಲೇ ಎದೆ ಕೆಮ್ಮು ಇತ್ತು, ಅಲ್ಲಿ ಹೋದ ಮೇಲೆ ರಕ್ತ ಬಿತ್ತು. ಆಸ್ಪತ್ರೆ ಬೇಡವೇ ಬೇಡ ಎಂದು ಹಟ ಹಿಡಿದವಳನ್ನು ಉಸಿರು ಸಿಗದಾದಾಗ ಚೇಲಾ ಆಟೋದಲ್ಲಿ ಹಾಕಿಕೊಂಡು ಹೋದಳು. ಅಲ್ಲಿ ಕೊಡಲು ಇದ್ದದ್ದು ಊರಿನ ಹಳೆಯ ಹೆಸರೊಂದೇ. ಅದೇ ಹೆಸರು, ಗಂಡಸರ ವಾರ್ಡು.

ನಾನು ನೋಡಲು ಹೋದಾಗ ಕಂಬಳಿ ಗದ್ದದ ತನಕ ಎಳೆದುಕೊಂಡು ಮಲಗಿದ್ದಳು. ನಾವೇ ಕೊಟ್ಟಿದ್ದ ಕಂಬಳಿ. ಅಕ್ಕಪಕ್ಕದ ಹಾಸಿಗೆಯ ಗಂಡಸರು ಅವಳ ಕಡೆಗೇ ತಿರುಗಿ ಮಲಗಿದ್ದರು, ಕೆಲವರು ನಗುತ್ತಿದ್ದರು. ಕೂದಲು ಕತ್ತರಿಸಲು ಬಂದವನಿಗೆ ಕಚ್ಚಿದಳಂತೆ. ಬಳೆಗೂ ಕೈ ಹಚ್ಚಗೊಟ್ಟಿರಲಿಲ್ಲ. ನನ್ನನ್ನು ನೋಡಿ ನಗಲು ನೋಡಿದಳು, ಕೆಮ್ಮು ಬಂತು.

"ಅಣ್ಣಗ ಹೇಳಿ ಕಳಸ್ರಿ. ನಾ ಹೋದ್ರ ಸೀರಿ ತರ್ಲಿ. ಈಗರ ತರ್ತಾನ. ತರದ ಎಲ್ಲಿ ಹೋಗ್ತಾನ..." ಚೇಲಾ ಆಗಲಿ ಎಂದು ತಲೆಯಾಡಿಸಿದಳು.

ಎರಡು ದಿನ ಕಳೆದು ಬೆಳಗಿನ ಜಾವ ಅಕ್ಕ ಹೋದಳು. ಚೇಲಾ ಅಕ್ಕ ಹೇಳಿದಂತೆಯೇ ಮಾಡಿದಳು. ನೆಟ್ಟಗೆ ಶೆಡ್ಡಿಗೆ ಹೋಗಿ ಅಣ್ಣನಿಗೆ ಸುದ್ದಿ ಮುಟ್ಟಿಸಿದಳು. ಹೇಳದೇ ಇದ್ದಿದ್ದರೆ ವಾರಸುದಾರರಿಲ್ಲದ ಹೆಣವೆಂದು ಹೇಗೋ ಯಾರಿಗೋ ಕೈಬೆಚ್ಚಗೆ ಮಾಡಿ ತಾವೇ ಬಿಡಿಸಿಕೊಳ್ಳುತ್ತಿದ್ದರು, ಹಾಗೆ ಎಷ್ಟೋ ಮಂದಿಯನ್ನು 'ಬಿಡಿಸಿಕೊಂಡವರು' ಅವರು. ಆದರೆ ತವರಿನ ಸೀರೆ ಬರಬೇಕಲ್ಲ. ಅದಿಲ್ಲದೆ ಎತ್ತುವುದು ಹೇಗೆ? ನಾನು ಹೋಗುವಷ್ಟರಲ್ಲಿ ಶವಾಗಾರದ ಮುಂದಿನ ಬೇವಿನ ಮರದ ಕೆಳಗೆ ಅವರೆಲ್ಲ ಕಾಯುತ್ತಾ ಕೂತಿದ್ದರು. ಹೂವು, ಅರಿಸಿನ, ಬಾಚಣಿಗೆ ಎಲ್ಲ ತಂದಿಟ್ಟುಕೊಂಡಿದ್ದರು.

ಬಿಸಿಲೇರಿದ ಮೇಲೆ ಅಣ್ಣ ಬಂದ, ಜೊತೆಗೆ ಊರಿನವರು ಕೆಲವರು. ಸಿಮೆಂಟು ಹಿಡಿದ ಕೈಯಲ್ಲಿ ಬಟ್ಟೆ ಅಂಗಡಿಯ ಹೊಸ ಚೀಲ. ಚೇಲಾ ನನ್ನ ತೋಳು ಹಿಡಿದು, "ಸೀರಿ ಬಂತು ಅಕ್ಕಾರ," ಅಂದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ.

ಅವನು ಚೀಲ ಬಿಚ್ಚಿದ. ಒಂದು ಧೋತರ, ಬಿಳಿ ಅಂಗಿ, ಒಂದು ರುಮಾಲು.

"ಎಲ್ಲಾ ಹೊಸಾವು ತಂದೀನಿ," ಅಂದ. ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು. "ಇದ್ದಾಂವ ಒಬ್ಬ ತಮ್ಮ. ಹರಕ ಬಟ್ಟಿ ಮ್ಯಾಲ ಹೆಂಗ ಕಳಸ್ಲಿ?"

"ಅಣ್ಣಾರ, ಆಕಿ ಸೀರಿ ಕೇಳಿದ್ಲು," ಎಂದಳು ಚೇಲಾ.

"ಸೀರಿ ಉಡಿಸಿ ಊರಾಗ ಹೆಂಗ ಒಯ್ಯಬೇಕು? ಅವ್ವಗ ಏನಂತ ಹೇಳ್ಬೇಕು?"

ನಾನು ತಡೆಯಲಾರದೆ ನಡುವೆ ಬಂದೆ. ನಿಮ್ಮ ಅವ್ವನಿಗೆ ಎಲ್ಲ ಗೊತ್ತಿದೆ, ಬಳೆ ಸದ್ದು ಕೇಳಿ ಮಗಳೇ ಎಂದು ಕರೆಯುತ್ತಿದ್ದರು, ಬೇಕಾದರೆ ಹೋಗಿ ಕೇಳಿ ಎಂದೆ. ಅವನು ನನ್ನನ್ನು ಕನಿಕರದಿಂದಲೇ ನೋಡಿದ.

"ಮೇಡಂನವ್ರ, ನಮ್ಮವ್ವಗ ಕಣ್ಣ ಕಾಣಂಗಿಲ್ಲ. ಆಕಿಗೇನ ಗೊತ್ತಿರ್ತೈತಿ?"

ರಕ್ತ ಸಂಬಂಧಿ ಯಾರು ಎಂದು ಒಳಗಿನವನು ತೆಲುಗಿನಲ್ಲಿ ಕೂಗಿದ. ಅಣ್ಣ ಮುಂದೆ ಹೋದ. ಇಷ್ಟು ವರ್ಷ ಒಂದೇ ಗಂಗಾಳದಲ್ಲಿ ಉಂಡವರು ಮರದ ಕೆಳಗೆ ಉಳಿದರು. ಬಾಗಿಲು ಅರ್ಧ ತೆರೆದಿತ್ತು. ಬಳೆ ಬಿಚ್ಚಲು ಸೋಪಿನ ನೀರು ಹಚ್ಚಿದರು, ಕೆಲವು ಜಾರಿದವು, ಕೆಲವು ಒಡೆದವು. ಆ ಸದ್ದು ಹೊರಗೆ ಕೇಳಿಸಿತು. ಉದ್ದ ಕೂದಲನ್ನು ಸುತ್ತಿ ರುಮಾಲಿನೊಳಗೆ ಮುಚ್ಚಿದರು. ಟೆಂಪೋಕ್ಕೆ ಏರಿಸುವಾಗ ನಾನು ಕಂಡದ್ದು ಯಾರೋ ಒಬ್ಬ ಗೌಡರ ಮುಖ. ಚೇಲಾ ಒಳಗೆ ನುಗ್ಗಿ ನೆಲದ ಮೇಲಿನ ಬಳೆಗಳನ್ನು ಸೆರಗಿನಲ್ಲಿ ಆಯ್ದುಕೊಂಡು ಬಂದಳು. ನನಗೆ ಆ ಅಣ್ಣನ ಮೇಲೆ ಸಿಟ್ಟು ಬರಲಿ ಎಂದು ಎಷ್ಟು ಬೇಡಿಕೊಂಡೆ. ಆ ಮನುಷ್ಯ ಟೆಂಪೋದ ಹಿಂದೆ ಹೆಣದ ಪಕ್ಕ ಕೂತು ಬಿಸಿಲು ಬೀಳದಂತೆ ಅದರ ಮುಖಕ್ಕೆ ತನ್ನ ಟವೆಲ್ ಹಿಡಿದಿದ್ದ.

ಉಗಾದಿ ಕಳೆದ ಮೇಲೆ ಒಂದು ಸಂಜೆ ಲಿಂಗಂಪಲ್ಲಿ ಪ್ಲಾಟ್‌ಫಾರಂ ಮೇಲೆ ಅವನು ನಮ್ಮನ್ನು ಹುಡುಕಿಕೊಂಡು ಬಂದ. ಚೇಲಾ ಬಿಳಿ ಸೀರೆಯಲ್ಲಿದ್ದಳು. ಗುರು ಹೋದರೆ ವಿಧವೆಯಂತೆ ಇರುವುದು ಅವರ ಪದ್ಧತಿ. ಅವನು ಬೆಂಚಿನ ತುದಿಗೆ ಕೂತು ಮಾತು ತೆಗೆದ.

"ಅವ್ವ ಮಾರಿ ಸವರಿದ್ಲು. ಆಮ್ಯಾಲ ಕೈ ಹಿಡಕೊಂಡ್ಲು. ಮಣಿಕಟ್ಟು ಸವರಿ ಸವರಿ ನೋಡಿ, ಯಾರ ಹೆಣಾ ತಂದೀಯೋ, ಇದು ನನ್ನ ಮಗಳ ಕೈ ಅಲ್ಲ ಅಂದ್ಲು." ಅವನು ನನ್ನ ಕಡೆ ತಿರುಗಿದ. "ಮಗಳು ಅಂತ ನಾ ಎಂದೂ ಆಕಿ ಮುಂದ ಅಂದಿಲ್ರಿ."

ಮುದುಕಿ ಅಳಲಿಲ್ಲವಂತೆ. ಮಣ್ಣಿಗೂ ಹೋಗಲಿಲ್ಲವಂತೆ. ಪಂಚಮಿಗೆ ನನ್ನ ಮಗಳು ಬರುತ್ತಾಳೆ ಎಂದು ದಿನಾ ಹಿತ್ತಲ ಬಾಗಿಲಲ್ಲಿ ಕೂರುತ್ತಾಳಂತೆ.

"ಆ ಬಳಿ ಇದ್ರ ಕೊಡ್ರಿ. ಅವ್ವನ ಕೈಯಾಗ ಇಡ್ತೀನಿ. ಅಳ್ಲಿ ಆಕಿ. ಒಮ್ಮಿ ಅತ್ತಬಿಡ್ಲಿ."

ಚೇಲಾ ತನ್ನ ಬೋಳು ಕೈ ಮುಂದೆ ಚಾಚಿ ತೋರಿಸಿದಳು. "ಗುರು ಹೋದ್ರ ಬಳಿ ಒಡೀತೀವಿ ಅಣ್ಣಾರ. ಆಕೀವೂ ನಮ್ಮವೂ ಎಲ್ಲಾ ಅವತ್ತ ಒಡದ್ವಿ."

ಅವನು ಎದ್ದು ಪ್ಲಾಟ್‌ಫಾರಮ್ಮಿನ ಬಳೆ ಮಾರುವವಳ ಹತ್ತಿರ ಹೋಗಿ, ತನ್ನ ಮಣಿಕಟ್ಟು ಮುಂದೆ ಮಾಡಿ, ಈ ಅಳತೆಯವು ಬೇಕು, ಹಸಿರು ಬೇಕು ಎಂದು ಕೇಳಿದ. ಅಷ್ಟು ದೊಡ್ಡವು ಅವಳಲ್ಲಿ ಇರಲಿಲ್ಲ. ಪ್ಯಾಸೆಂಜರ್ ಬಂತು, ಹತ್ತಿ ಹೋದ. ಮತ್ತೆ ಅವನನ್ನು ನಾನು ನೋಡಲಿಲ್ಲ. ಮುದುಕಿ ಎಷ್ಟು ಪಂಚಮಿ ಕಾದಳೋ...

ಈಗಲೂ ಡಿಸೆಂಬರ್ ಬಂದರೆ ಕಂಪನಿಗಳ ಕರುಣೆ ಉಕ್ಕುತ್ತದೆ. ಈಗ ಬ್ಯಾನರಿಗೆ ಕಾಮನಬಿಲ್ಲಿನ ಬಣ್ಣ, ಮಾತಿಗೆ ಹಕ್ಕು ಎಂಬ ಪದ. ಬೇಡ ಅನ್ನುವುದಿಲ್ಲ ನಾನು. ನಾನೂ ಕೆಲವರು ಹಳೆಯ ಗೆಳತಿಯರೂ ಸೇರಿ ವರ್ಷದ ಕೊನೆಗೆ ಕೂಡಿಸಿ ಕೊಡುವ ಹಣದಲ್ಲಿ ಚೇಲಾ ಇಲ್ಲೇ ಹೈದರಾಬಾದಿನಲ್ಲಿ ಮತ್ತೆ ಒಂದು ಮನೆ ಹಿಡಿದಿದ್ದಾಳೆ. ಯಾರೂ ಆಸ್ಪತ್ರೆಯಲ್ಲಿ ಸಾಯಬಾರದು ಎಂಬುದು ಆ ಮನೆಯ ಕಟ್ಟಳೆ. ಅವಳಿಗೂ ವಯಸ್ಸಾಯಿತು, ಈಗ ಅವಳೇ ಗುರು.

ಭಜ್ಜಿಯ ಡಬ್ಬಿ ಮುಚ್ಚಿ ಅವಳ ಮನೆಗೆ ಹೊತ್ತುಕೊಂಡು ಹೋದೆ. ಎಂದಿನಂತೆ ಕುಂಕುಮ ಹಚ್ಚಿ ಈ ವರ್ಷದ ಹಣವನ್ನು ಉಡಿಯಲ್ಲಿ ಹಾಕಿದೆ. ಅವಳು ಒಂದು ತುತ್ತು ಭಜ್ಜಿ ಬಾಯಿಗಿಟ್ಟು ಡಬ್ಬಿ ಕೆಳಗಿಟ್ಟಳು.

"ಅಕ್ಕಾರ, ಒಂದು ಮಾತು ನೆನಪಿಡ್ರಿ. ನಾ ಹೋದ್ರ ತಾಂಡೂರಿಗೆ, ನಮ್ಮ ತವರಿಗೆ, ಹೇಳಿ ಕಳಸಬ್ಯಾಡ್ರಿ."

"ಮತ್ತೆ ಸೀರೆ?" ಎಂದೆ.

"ಬ್ಯಾಡ್ರಿ," ಅಂದಳು. "ಉಟ್ಟ ಸೀರಿ ಮ್ಯಾಲ ಹೋಗ್ತೀನಿ."